ಎರಡು ಸಲ ‘ಮತ್ತೆ ಬನ್ನಿ’

ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು. ಬೇರೆಯವರು ಬರೆದ ಪ್ರೋಗ್ರಾಮನ್ನು ತೆರೆದು, ಅಲ್ಲಿ ಒತ್ತಿ ಇಲ್ಲಿ ಒತ್ತಿ, ಎಲ್ಲಿ ಎಡವುತ್ತದೆ ಎಂದು ನೋಡಿ ದೂರು ಬರೆಯುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಇದೇ ಕೆಲಸವನ್ನು ಮನೆಯಲ್ಲಿ ಪುಕ್ಕಟೆ ಮಾಡುತ್ತೀಯ ಎಂದು ನನ್ನ ಗಂಡ ಹೇಳುವುದುಂಟು. ನಾನು ಬರೆದ ದೂರುಗಳಲ್ಲಿ ಬಹುಪಾಲು ಸರಿಹೋಗಿವೆ, ಕೆಲವು ಜಗಳದಲ್ಲಿ ಬಿದ್ದುಹೋಗಿವೆ. ಒಂದು ಮಾತ್ರ ವರ್ಷಗಟ್ಟಲೆ ಹಾಗೇ ಬಾಯಿ ತೆರೆದುಕೊಂಡು ಕೂತಿತ್ತು. ಅದು ಗ್ರಂಥಾಲಯಗಳಿಗೆ ಮಾಡಿಕೊಟ್ಟ ಪ್ರೋಗ್ರಾಮಿನದು. ಓದುಗರು ತಮ್ಮಲ್ಲಿದ್ದ ಕೊನೆಯ ಪುಸ್ತಕವನ್ನು ಹಿಂದಿರುಗಿಸಿದಾಗ ಪರದೆಯ ಮೇಲೆ ‘ಮತ್ತೆ ಬನ್ನಿ’ ಎಂದು ಎರಡು ಸಲ ಬರುತ್ತಿತ್ತು, ಒಂದರ ಕೆಳಗೆ ಒಂದು. ಅದನ್ನು ತಿದ್ದದೆ ಬಿಟ್ಟವರ ವಿಷಯ ಹೇಳಬೇಕಾಗಿದೆ.

ಅವರನ್ನು ನಾವು ಉಳಿಸಪ್ಪ ಎಂದು ಕರೆಯುತ್ತಿದ್ದೆವು. ಹೆಸರಿಟ್ಟದ್ದು ಅವರ ಅಕ್ಕ. ಒಂದು ಸಾಲು ಬರೆದರೆ ಒಂದು ಸಲ ಸೇವ್ ಒತ್ತುವರು, ಒಂದು ಪದ ಅಳಿಸಿದರೆ ಒಂದು ಸಲ, ಚಹಾಕ್ಕೆ ಏಳುವ ಮುಂಚೆ ಎರಡು ಸಲ. ಅವರ ಕೀಲಿಮಣೆಯಲ್ಲಿ ಆ ಕೀಲಿಯ ಮೇಲಿನ ಅಕ್ಷರ ಸವೆದು ಬೋಳಾಗಿತ್ತು. ಅದೂ ಸಾಲದೆಂದು ತಿಂಗಳಿಗೊಮ್ಮೆ ಇಡೀ ಪ್ರೋಗ್ರಾಮನ್ನು ಪೆನ್‌ಡ್ರೈವಿಗೆ ನಕಲು ಮಾಡಿ, ಚೀಟಿ ಅಂಟಿಸಿ, ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಇಡುತ್ತಿದ್ದರು. ಡಬ್ಬಿ ತುಂಬಿದಾಗ ಇನ್ನೊಂದು ಡಬ್ಬಿ ಬಂತು. “ಇಲಿ ತಿಂದ್ರೂ ಉಳೀಬೇಕು, ಬೆಂಕಿ ಬಿದ್ರೂ ಉಳೀಬೇಕು” ಎನ್ನುವರು. ಪೆನ್‌ಡ್ರೈವನ್ನು ಯಾವ ಇಲಿ ತಿನ್ನುತ್ತದೆ ಎಂದು ನಾನು ಕೇಳಿದರೆ, “ನಿಮ್ಮ ಕೊಕ್ಕೆ ನಿಮ್ಮ ಹತ್ರಾನೇ ಇಟ್ಕೊಳ್ಳಿ” ಎಂದು ತಿರುಗಿ ಕೂರುವರು. ನನಗೆ ಅಲ್ಲಿ ಕೊಕ್ಕೆಮ್ಮ ಎಂದು ಹೆಸರು. ಅದನ್ನಿಟ್ಟದ್ದೂ ಅಕ್ಕನೇ.

ಈ ಉಳಿಸುವ ಚಾಳಿ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ಮೊದಲು ಅವರು ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದರು. ಹೊಸದಾಗಿ ಸೇರಿದ ಕಾಲದಲ್ಲಿ, ಅಚ್ಚಿನ ಮೊಳೆ ಜೋಡಿಸಿಟ್ಟಿದ್ದ ಒಂದು ಚೌಕಟ್ಟನ್ನು ಎತ್ತಿಕೊಡಲು ಹೋಗಿ ಕೈಜಾರಿ ಬೀಳಿಸಿದರಂತೆ. ಒಂದು ಪುಟದ ಅಷ್ಟೂ ಅಕ್ಷರ ನೆಲದ ಮೇಲೆ. ಮೊಳೆ ಜೋಡಿಸುವ ಮುದುಕರು ಬೈಯಲಿಲ್ಲ, ಸುಮ್ಮನೆ ಕುಕ್ಕರುಗಾಲಿನಲ್ಲಿ ಕೂತು ಆರಿಸತೊಡಗಿದರು. ಬೈದಿದ್ದರೆ ಮರೆತುಹೋಗುತ್ತಿತ್ತು, ಬೈಯದೆ ಇದ್ದದ್ದೇ ಉಳಿದುಬಿಟ್ಟಿತು ಎಂದು ಅವರು ನನಗೆ ಹೇಳಿದ್ದರು. ಮುಂದೆ ಆ ಪ್ರೆಸ್ಸು ಮುಚ್ಚಿತು. ಕರಡು ತಿದ್ದುವವರನ್ನು ಆಗ ಯಾರೂ ಕೇಳುತ್ತಿರಲಿಲ್ಲ. ನಡುವಯಸ್ಸಿನ ಗಂಡಸು ಮನೆಯ ಮೆಟ್ಟಿಲ ಮೇಲೆ ಕೂತು ಹಳೇ ಪತ್ರಿಕೆಯಲ್ಲಿ ತಪ್ಪಿಗೆ ಗುರುತು ಹಾಕುತ್ತಿದ್ದುದನ್ನು ನೋಡಿ ಅಕ್ಕನಿಗೆ ತಡೆಯಲಾಗಲಿಲ್ಲ.

ಅಕ್ಕ ಅವರಿಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಮದುವೆಯಾಗಿರಲಿಲ್ಲ, ತಮ್ಮ ಮತ್ತು ತಮ್ಮನ ಹೆಂಡತಿಯ ಜೊತೆಗೇ ಇದ್ದರು. ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಕಚೇರಿ. ಎರಡು ಕೋಣೆ, ಪಕ್ಕದ ಕಟ್ಟಡದ ಗೋಡೆಗೆ ತೆರೆದುಕೊಳ್ಳುವ ಒಂದು ಕಿಟಕಿ, ತಿಂಗಳಲ್ಲಿ ಒಂದೆರಡು ದಿನ ಬಂದು ಹೋಗುವ ಯಜಮಾನರು. ಗ್ರಂಥಾಲಯದ ಪ್ರೋಗ್ರಾಮನ್ನು ಮೊದಲ ಸಾಲಿನಿಂದ ಬರೆದವರು ಅಕ್ಕ. ತಮ್ಮನನ್ನು ಕರೆತಂದು ಯಜಮಾನರ ಮುಂದೆ ನಿಲ್ಲಿಸಿದಾಗ ಅವರು, “ಇವರಿಗೆ ಈ ವಯಸ್ಸಲ್ಲಿ ಇದೆಲ್ಲ ಹತ್ತುತ್ತಾ?” ಎಂದು ಕೇಳಿದರು.

“ಪ್ರೂಫ್ ನೋಡ್ದವ್ನು ಸಾರ್. ಇಲ್ಲೂ ಅಷ್ಟೇ ತಾನೆ, ಒಂದು ಚುಕ್ಕಿ ತಪ್ಪಿದ್ರೆ ಎಲ್ಲಾ ತಪ್ಪುತ್ತೆ” ಎಂದರು ಅಕ್ಕ.

ಯಜಮಾನರು ಒಪ್ಪಿದರು. ಆದರೆ ಹೊಸ ಕಂಪ್ಯೂಟರ್ ಕೊಡಲಿಲ್ಲ. ಹೀಗಾಗಿ ಒಂದೇ ಯಂತ್ರದಲ್ಲಿ ಬೆಳಗಿನ ಹೊತ್ತು ಅಕ್ಕ, ಮಧ್ಯಾಹ್ನದಿಂದ ತಮ್ಮ ಎಂದಾಯಿತು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಾವು ಪ್ರೋಗ್ರಾಮು ಬರೆಯುವ, ಪರದೆಯ ಮೇಲಿನ ಕಿಟಕಿಗೆ ಎಡಿಟರ್ ಎನ್ನುತ್ತೇವೆ. ಅದರ ಬೆನ್ನಿಗೆ ಗಿಟ್ ಎಂಬ ಇನ್ನೊಂದು ಪ್ರೋಗ್ರಾಮು ಚಿತ್ರಗುಪ್ತನಂತೆ ಕೂತು, ಯಾವ ಸಾಲನ್ನು ಯಾರು ಯಾವಾಗ ಬರೆದರು, ಯಾರು ಬದಲಿಸಿದರು ಎಂದು ಬರೆದಿಟ್ಟುಕೊಳ್ಳುತ್ತದೆ. ಕೆಲಸ ಮುಗಿಸಿ ಏಳುವಾಗ ಏನು ಮಾಡಿದೆ ಎಂದು ಒಂದು ಟಿಪ್ಪಣಿ ಬರೆದು ಕಮಿಟ್ ಒತ್ತಬೇಕು. ಆಮೇಲೆ ಯಾವ ಸಾಲಿನ ಮೇಲೆ ಹೋಗಿ ನಿಂತರೂ ಆ ಸಾಲಿನ ತುದಿಯಲ್ಲಿ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಬರೆದವರ ಹೆಸರು, ಎಷ್ಟು ಕಾಲವಾಯಿತು ಎಂಬುದು ಮತ್ತು ಆ ಟಿಪ್ಪಣಿ ಕಾಣುತ್ತದೆ. ಅಲ್ಲಿಂದ ಸರಿದರೆ ಅಕ್ಷರಗಳು ಮಾಯ. ಹೆಸರಿನ ಜಾಗದಲ್ಲಿ ಅಕ್ಕ ‘ಅಕ್ಕ’ ಮತ್ತು ‘ತಮ್ಮ’ ಎಂದೇ ಹಾಕಿದ್ದರು. ಕಚೇರಿಯಲ್ಲಿ ಇಂಥ ಮನೆವಾರ್ತೆ ಯಾಕೆ ಎಂದು ನಾನು ಅದಕ್ಕೂ ಕೊಕ್ಕೆ ತೆಗೆದಿದ್ದೆ, ಅವರು ಕೇಳಲಿಲ್ಲ.

ಬೆಳಗಿನವರು ಮಧ್ಯಾಹ್ನದವರಿಗೆ ಮಾತು ದಾಟಿಸುತ್ತಿದ್ದುದು ಈ ಟಿಪ್ಪಣಿಯಲ್ಲಿ. ಮೊದಲಿಗೆ ಬರೀ ಕೆಲಸದ ಮಾತು. ಬರುಬರುತ್ತಾ ಮನೆಯೂ ಒಳಗೆ ಬಂತು. “ಹುಡುಕುವ ಪುಟ ಅರ್ಧ ಆಗಿದೆ, ಉಳಿದರ್ಧ ನಿನ್ನದು. ಸುಮ್ಮನೆ ಸೇವ್ ಒತ್ತುತ್ತಾ ಕೂರಬೇಡ, ಬರಿ.” “ದಂಡದ ಲೆಕ್ಕ ತಿದ್ದಿದೆ. ಊಟದ ಡಬ್ಬಿ ಕಿಟಕಿ ಹತ್ರ ಇದೆ, ಆರಿಹೋಗೋ ಮೊದಲು ತಿನ್ನು.” “ನಿನ್ನ ಹೆಂಡತಿ ಮುಖ ಊದಿಸಿಕೊಂಡಿದ್ದಾಳೆ, ಬೇಗ ಮನೆಗೆ ಹೋಗು. ಚೀಟಿ ಮುದ್ರಣ ನಾಳೆ ನೋಡೋಣ.” ಅವರ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಲು ಹೋಗಿ ನಾನು ಎಷ್ಟೋ ಸಲ ಈ ಬೂದು ಅಕ್ಷರ ಓದುತ್ತಾ ಕೂತದ್ದುಂಟು. ನನ್ನ ಮನೆಯಲ್ಲಿ ಅಷ್ಟು ಮಾತು ನಡೆಯುವುದಿಲ್ಲ.

ಆಮೇಲೆ ಅಕ್ಕನಿಗೆ ಕಾಯಿಲೆ ಬಂತು. ಬಂದು ಬಹಳ ದಿನವಾಗಿತ್ತು, ಅವರು ಯಾರಿಗೂ ಹೇಳಿರಲಿಲ್ಲ. ತಮ್ಮನ ಹೆಂಡತಿ ಅತ್ತಿಗೆಯ ಚೀಲದಲ್ಲಿ ಬೀಗದ ಕೈ ಹುಡುಕುವಾಗ ಆಸ್ಪತ್ರೆಯ ಚೀಟಿ ಸಿಕ್ಕಿತು. ಉಳಿಸಪ್ಪನಿಗೆ ಆದದ್ದು ದುಃಖಕ್ಕಿಂತ ಹೆಚ್ಚಾಗಿ ಸಿಟ್ಟು. ನನ್ನನ್ನು ಹೊರಗಿನವನ ಹಾಗೆ ನೋಡಿದಳಲ್ಲ ಎಂದು ಮಾತು ಬಿಟ್ಟರು. ಒಂದೇ ಮನೆ, ಒಂದೇ ತಟ್ಟೆಸ್ಟ್ಯಾಂಡು, ಒಂದೇ ಕಂಪ್ಯೂಟರು. ಅಕ್ಕ ಎದ್ದು ಹೋದ ಕುರ್ಚಿ ಇನ್ನೂ ಬೆಚ್ಚಗಿರುವಾಗಲೇ ತಮ್ಮ ಬಂದು ಕೂರುವುದು. ಆದರೂ ಮಾತಿಲ್ಲ. ಟಿಪ್ಪಣಿಯಲ್ಲೂ ‘ದಿನಾಂಕ ತಿದ್ದಿದೆ’ ಎಂದಷ್ಟೇ ಬರೆದು ಏಳುವರು. ಅಕ್ಕ ಅದಕ್ಕೆ, “ದಿನಾಂಕ ಸರಿಯಾಗಿದೆ. ಮಾತು ಬಿಟ್ಟವರ ಕೆಲಸ ಕೆಡೋದಿಲ್ಲ ಅಂತ ಗೊತ್ತಾಯ್ತು” ಎಂದು ಬರೆದರು.

ಕೆಲವು ವಾರ ಹೀಗೇ ನಡೆಯಿತು. ಒಂದು ಮಧ್ಯಾಹ್ನ ತಮ್ಮ ಬಂದು ಕೂತಾಗ ಅಕ್ಕನ ಟಿಪ್ಪಣಿ ಹೀಗಿತ್ತು: “ಸದಸ್ಯರ ಪುಟ ಮುಗೀತು. ನಾಳೆ ಆಸ್ಪತ್ರೆಗೆ ಹೋಗಬೇಕು. ಒಬ್ಬಳೇ ಹೋಗೋಕೆ ಭಯ ಆಗುತ್ತೆ. ಬರ್ತೀಯಾ?”

ಮಾತು ಬಿಟ್ಟವರು ಉತ್ತರವನ್ನೂ ಅಲ್ಲೇ ಬರೆಯಬೇಕಾಯಿತು. ಆದರೆ ಏನನ್ನೂ ಬದಲಿಸದೆ ಬರೀ ಟಿಪ್ಪಣಿ ಬರೆದರೆ ಎಡಿಟರ್ ಒಪ್ಪುವುದಿಲ್ಲ. ಅದಕ್ಕೆ ಅವರು ತಮ್ಮದೇ ಒಂದು ಸಾಲಿನ ಕೊನೆಗೆ ಒಂದು ಖಾಲಿ ಜಾಗ ಹಾಕಿ, ‘ಬರ್ತೀನಿ’ ಎಂದು ಬರೆದು ಕಮಿಟ್ ಒತ್ತಿ ಮನೆಗೆ ಹೋದರು. ಆ ಖಾಲಿ ಜಾಗದ ಮೇಲೆ ನಾನು ‘ಅನಗತ್ಯ’ ಎಂದು ದೂರು ಬರೆದೆ. ಸಾಲಿನ ತುದಿಯ ಟಿಪ್ಪಣಿ ನೋಡಿದ ಮೇಲೆ ನಾನೇ ಹಿಂದಕ್ಕೆ ತೆಗೆದುಕೊಂಡೆ.

‘ಮತ್ತೆ ಬನ್ನಿ’ಯ ಸಂಗತಿ ಅದೇ ಕಾಲದ್ದು. ಪುಸ್ತಕ ವಾಪಸು ಪಡೆಯುವ ಭಾಗದಲ್ಲಿ ಒಂದು, ಲೆಕ್ಕ ಮುಗಿಸುವ ಭಾಗದಲ್ಲಿ ಒಂದು, ಎರಡು ಕಡೆ ಬರೆದು ಅಕ್ಕ ಮರೆತಿದ್ದರು. ನಾನು ಹೋಗಿ ಹೇಳಿದಾಗ ಅವರು ತಲೆಗೆ ಸುತ್ತಿದ ಬಟ್ಟೆ ಸರಿಮಾಡಿಕೊಂಡು ನಕ್ಕರು.

“ಒಂದು ಸಲ ಕರೆದ್ರೆ ಬಾಯುಪಚಾರ ಅಂದ್ಕೋತಾರೆ ಕಣೇ. ಎರಡು ಸಲ ಕರೆದ್ರೆ ನಿಜವಾಗ್ಲೂ ಕರೀತಿದ್ದಾರೆ ಅಂತ ಬರ್ತಾರೆ.”

“ಜನ ನಗ್ತಾರೆ ಅಕ್ಕಾ.”

“ನಗ್ಲಿ ಬಿಡು, ಲೈಬ್ರರೀಲಿ ಯಾರು ನಗ್ತಾರೆ?”

ಆದರೂ ಅಂದು ಆ ಎರಡೂ ಸಾಲುಗಳನ್ನು ತೆರೆದು ಅಕ್ಷರವನ್ನು ದಪ್ಪ ಮಾಡಿ, ಟಿಪ್ಪಣಿಯಲ್ಲಿ ತಮ್ಮನಿಗೆ ಬರೆದರು: “ಅಕ್ಷರ ದಪ್ಪ ಮಾಡಿದೆ, ವಯಸ್ಸಾದವರಿಗೂ ಕಾಣ್ಲಿ. ಎರಡು ಸಲ ಬರೋದನ್ನ ಮುಂದಿನ ವಾರ ನಾನೇ ತಿದ್ತೀನಿ, ಕೊಕ್ಕೆಮ್ಮನಿಗೆ ಹೇಳು.” ಮುಂದಿನ ವಾರ ಅವರು ಆಸ್ಪತ್ರೆಯಲ್ಲಿದ್ದರು. ಅಲ್ಲಿಂದ ಮನೆಗೆ ಬರಲಿಲ್ಲ.

ಅಕ್ಕನ ಸಾವಿನ ನಂತರ ಬೆಳಗ್ಗೆಯೂ ಮಧ್ಯಾಹ್ನವೂ ಯಂತ್ರ ಉಳಿಸಪ್ಪ ಒಬ್ಬರದೇ ಆಯಿತು. ದಿನವೂ ಬಂದು ಮೊದಲು ಅಕ್ಕನ ಒಂದು ಸಾಲಿನ ಮೇಲೆ ಹೋಗಿ ನಿಂತು, ಬೂದು ಅಕ್ಷರ ಓದಿ, ಆಮೇಲೆ ಕೆಲಸ ಶುರು ಮಾಡುವರು. ಅಕ್ಕನ ದನಿಯನ್ನು ಯಾರೂ ಮುದ್ರಿಸಿಕೊಂಡಿರಲಿಲ್ಲ. ಫೋಟೋದಲ್ಲಿ ಅಕ್ಕ ಬಿಗಿದುಕೊಂಡು ನಿಂತಿದ್ದರು, ಯಾವ ಫೋಟೋ ನೋಡಿದರೂ ಬೇರೆ ಯಾರೋ ಅನ್ನಿಸುತ್ತಿತ್ತಂತೆ. ಬೈದು, ಗೇಲಿಮಾಡಿ, ಊಟಕ್ಕೆ ಕರೆಯುವ ಅಕ್ಕ ಇದ್ದದ್ದು ಆ ಸಾಲುಗಳ ತುದಿಯಲ್ಲಿ ಮಾತ್ರ.

ನಮ್ಮಿಬ್ಬರ ಜಗಳ ಹುಟ್ಟಿದ್ದು ಅಲ್ಲಿಂದಲೇ. ಅಕ್ಕನ ಸಾಲುಗಳನ್ನು ಅವರು ಮುಟ್ಟುತ್ತಿರಲಿಲ್ಲ. ತಪ್ಪಿದ್ದರೆ ಆ ಸಾಲಿನ ಹಿಂದೊಂದು ಮುಂದೊಂದು ಹೊಸ ಸಾಲು ಬರೆದು, ಅದನ್ನು ಸುತ್ತಿಬಳಸಿ ಹೋಗುವಂತೆ ಮಾಡುವರು. ಪ್ರೋಗ್ರಾಮು ನೆಟ್ಟಗೆ ನಡೆಯುವುದು ಬಿಟ್ಟು ಹಾದಿಯಲ್ಲಿ ಮಲಗಿದವರನ್ನು ದಾಟುವವರ ಹಾಗೆ ಸುತ್ತಿ ಸುತ್ತಿ ನಡೆಯತೊಡಗಿತು. ‘ಮತ್ತೆ ಬನ್ನಿ’ಯನ್ನು ಮಾತ್ರ ಹಾಗೆ ಬಳಸಿ ಹೋಗಲೂ ದಾರಿ ಇರಲಿಲ್ಲ. ಎರಡರಲ್ಲಿ ಒಂದು ಸಾಲನ್ನು ತೆಗೆಯಲೇಬೇಕಿತ್ತು.

“ಅಣ್ಣಾ, ಅದನ್ನ ಯಾವಾಗ ತಿದ್ತೀರಿ? ಮೂರು ಲೈಬ್ರರಿಯವ್ರು ಕೇಳಿದ್ದಾಯ್ತು.”

“ಅದು ಅಕ್ಕನ ಸಾಲು.”

“ಅಕ್ಕನ ಸಾಲಾದ್ರೆ ತಪ್ಪು ತಪ್ಪಲ್ವಾ?”

“ತಪ್ಪೇ. ಇಲ್ಲ ಅಂದ್ನಾ? ನಾನೊಂದು ಅಕ್ಷರ ಮುಟ್ಟಿದ್ರೆ ಅಲ್ಲಿ ಅಕ್ಕನ ಹೆಸರು ಹೋಗಿ ನನ್ನ ಹೆಸರು ಬರುತ್ತೆ. ನೀವೇ ನೋಡಿದ್ದೀರಲ್ಲ.”

ನೋಡಿದ್ದೆ. ಅದಕ್ಕೇ ಆ ದೂರನ್ನು ನಾನು ಮೇಲಕ್ಕೆ ಕಳಿಸಲಿಲ್ಲ, ಮುಚ್ಚಲೂ ಇಲ್ಲ. ವಾರದ ಪಟ್ಟಿಯಲ್ಲಿ ಅದು ಕಂಡಾಗಲೆಲ್ಲ ಮೈ ಉರಿಯುತ್ತಿತ್ತು.

ಹೀಗಿರುವಾಗ ಯಜಮಾನರು ಕಚೇರಿಯನ್ನು ಒಂದು ದೊಡ್ಡ ಕಂಪನಿಗೆ ಕೊಟ್ಟುಬಿಟ್ಟರು. ಕೊಟ್ಟ ಸುದ್ದಿ ನಮಗೆ ಗೊತ್ತಾದದ್ದು ಕೆಳಗಿನ ಕನ್ನಡಕದ ಅಂಗಡಿಯವರಿಂದ. ಹೊಸಬರು ಬಂದು, ಇನ್ನು ಮೇಲೆ ಎಲ್ಲ ಪ್ರೋಗ್ರಾಮುಗಳೂ ಕಂಪನಿಯ ರೆಪೊದಲ್ಲೇ ಇರಬೇಕು ಎಂದರು. ರೆಪೊ ಎಂದರೆ ದೂರದಲ್ಲೆಲ್ಲೋ ಇರುವ ಅವರ ಕಂಪ್ಯೂಟರಿನಲ್ಲಿನ ಉಗ್ರಾಣ. ಪ್ರತಿಯೊಬ್ಬರೂ ತಮ್ಮ ಎಡಿಟರನ್ನು ಅದಕ್ಕೆ ಜೋಡಿಸಿ, ತಮ್ಮಲ್ಲಿರುವುದನ್ನು ಅಲ್ಲಿಗೆ ತಳ್ಳಬೇಕು. ಹಾಗೆ ಮಾಡಿದ ಮೇಲೆ ಹಳೇ ಯಂತ್ರಗಳನ್ನು ವಾಪಸು ಒಯ್ಯುತ್ತಾರೆ.

ಉಳಿಸಪ್ಪ ಇದಕ್ಕೆ ಹೆದರಲಿಲ್ಲ, ಖುಷಿಪಟ್ಟರು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. “ಒಳ್ಳೇದೇ ಆಯ್ತು. ನನ್ನ ಡಬ್ಬಿ ಒಂದು ಕಡೆ, ಅವರ ಉಗ್ರಾಣ ಒಂದು ಕಡೆ. ಅಕ್ಕ ಇನ್ನು ಎಲ್ಲೂ ಹೋಗಲ್ಲ” ಎಂದು ನನ್ನೆದುರೇ ಹೇಳಿದರು. ಮಾರನೆಯ ದಿನ ಜೋಡಿಸುವ ಕೆಲಸ ಇಟ್ಟುಕೊಂಡರು. ಆ ದಿನ ನನ್ನನ್ನು ಹೊಸ ಕಂಪನಿಯವರು ತಮ್ಮ ಕಚೇರಿಗೆ ಕರೆಸಿದ್ದರು. ಮುಂದಿನದೆಲ್ಲ ಉಳಿಸಪ್ಪನೇ ನನಗೆ ಹೇಳಿದ್ದು.

ಎಡಿಟರಿಗೆ ರೆಪೊದ ವಿಳಾಸ ಕೊಟ್ಟರು, ಕಂಪನಿ ಕೊಟ್ಟ ಗುರುತಿನ ಹೆಸರು ಹಾಕಿದರು, ಅಲ್ಲಿಗೆ ತಳ್ಳಲು ಪುಶ್ ಒತ್ತಿದರು. ಕೆಂಪು ಅಕ್ಷರದಲ್ಲಿ ನಿರಾಕರಣೆ ಬಂತು. ಕಂಪನಿಯವರು ಆ ಉಗ್ರಾಣ ತೆರೆಯುವಾಗಲೇ ತಮ್ಮದೊಂದು ಸ್ವಾಗತದ ಕಡತ ಅದರಲ್ಲಿ ಇಟ್ಟಿದ್ದರು. ಹೀಗಾಗಿ ಅಲ್ಲಿಯ ಚರಿತ್ರೆ ಬೇರೆ, ಇಲ್ಲಿಯ ಚರಿತ್ರೆ ಬೇರೆ, ಎರಡಕ್ಕೂ ಸಂಬಂಧವಿಲ್ಲ ಎಂಬ ತಕರಾರು. ಅವರು ಮತ್ತೆ ಒತ್ತಿದರು. ಮತ್ತೆ ಕೆಂಪು. ಊಟವನ್ನೂ ಮಾಡದೆ ಒತ್ತುತ್ತಲೇ ಇದ್ದು, ಕೊನೆಗೆ ಕಂಪನಿಯ ಸಹಾಯದವರಿಗೆ ಫೋನು ಮಾಡಿದರು.

ಎತ್ತಿದ ಹೆಣ್ಣುಮಗಳು ಮರ್ಯಾದೆಯಿಂದಲೇ ಮಾತಾಡಿದಳಂತೆ. ಅವಳಿಗೂ ಬೆನ್ನ ಹಿಂದೆ ಎಷ್ಟು ಕರೆಗಳು ಕಾದಿದ್ದವೋ.

“ಸುಲಭ ದಾರಿ ಅಂದ್ರೆ ಸಾರ್, ನಿಮ್ಮ ಫೋಲ್ಡರಲ್ಲಿ ಗಿಟ್‌ನದ್ದು ಒಂದು ಅಡಗಿಸಿದ ಫೋಲ್ಡರ್ ಇರುತ್ತೆ. ಅದನ್ನ ತೆಗೆದುಬಿಟ್ಟು ಹೊಸದಾಗಿ ಜೋಡಿಸೋದು. ನಿಮ್ಮ ಕೋಡಿಗೆ ಏನೂ ಆಗಲ್ಲ. ಹಳೇ ಚರಿತ್ರೆ ಮಾತ್ರ ಹೋಗುತ್ತೆ. ಬ್ಯಾಕಪ್ ಇದೆ ತಾನೆ?”

“ಇದೆಯಮ್ಮ. ಡಬ್ಬಿ ತುಂಬಾ ಇದೆ.”

“ಹಾಗಾದ್ರೆ ಯೋಚನೆ ಇಲ್ಲ ಸಾರ್. ನಾನು ಹೇಳಿದ್ದನ್ನ ಟೈಪ್ ಮಾಡ್ತಾ ಹೋಗಿ.”

ಅವಳು ಒಂದೊಂದೇ ಅಕ್ಷರ ಹೇಳಿದಳು, ಇವರು ಒಂದೊಂದೇ ಒತ್ತಿದರು. ಕರಡು ತಿದ್ದಿದವರಲ್ಲವೇ, ಒಂದು ಚುಕ್ಕಿಯೂ ತಪ್ಪಲಿಲ್ಲ. ಆಮೇಲೆ ಹೊಸದಾಗಿ ಶುರು ಮಾಡಿ, ಕಂಪನಿಯ ಸ್ವಾಗತದ ಕಡತವನ್ನು ಅವಳು ಅಲ್ಲಿಂದ ಪಕ್ಕಕ್ಕೆ ಸರಿಸಿ, ಇವರು ಪುಶ್ ಒತ್ತಿದಾಗ ಹಸಿರು ಗುರುತು ಬಂತು. ಅವರು ಆ ಹುಡುಗಿಗೆ ಥ್ಯಾಂಕ್ಸ್ ಹೇಳಿದರು, ನಿನ್ನ ಹೊಟ್ಟೆ ತಣ್ಣಗಿರಲಿ ಎಂದೂ ಹೇಳಿದರು.

ಫೋನು ಇಟ್ಟು, ಎಂದಿನಂತೆ ಅಕ್ಕನ ಒಂದು ಸಾಲಿನ ಮೇಲೆ ಹೋಗಿ ನಿಂತರು. ಬೂದು ಅಕ್ಷರದಲ್ಲಿ, “ನೀವು, ಈಗಷ್ಟೇ: ಮೊದಲ ಕಮಿಟ್” ಎಂದು ಬಂತು. ಇನ್ನೊಂದು ಸಾಲಿಗೆ ಹೋದರು. ನೀವು, ಈಗಷ್ಟೇ. ದಂಡದ ಲೆಕ್ಕ, ಹುಡುಕುವ ಪುಟ, ಸದಸ್ಯರ ಪುಟ, ಎಲ್ಲಿ ನೋಡಿದರೂ ಅದೇ. ಅಕ್ಕ ಬರೆದ ಒಂದೊಂದು ಸಾಲನ್ನೂ ಆ ಕ್ಷಣದಲ್ಲಿ ಅವರೇ ಬರೆದಂತೆ ಯಂತ್ರ ಹೇಳುತ್ತಿತ್ತು.

ಗಾಬರಿಯೇನೂ ಆಗಲಿಲ್ಲವಂತೆ ಮೊದಲು. ಡಬ್ಬಿ ಇತ್ತಲ್ಲ. ಒಂದು ಪೆನ್‌ಡ್ರೈವ್ ಹಾಕಿ ತೆರೆದರು. ಪ್ರೋಗ್ರಾಮು ಇತ್ತು, ಸಾಲುಗಳಿದ್ದವು, ಅಲ್ಪವಿರಾಮ ಕೂಡ ಅಲುಗಿರಲಿಲ್ಲ. ಆದರೆ ಸಾಲಿನ ತುದಿಯಲ್ಲಿ ಏನೂ ಬರಲಿಲ್ಲ. ಇನ್ನೊಂದನ್ನು ಹಾಕಿದರು. ಮತ್ತೊಂದನ್ನು ಹಾಕಿದರು.

ನಾನು ಮರುದಿನ ಬೆಳಗ್ಗೆ ಬಂದಾಗ ಎರಡೂ ಡಬ್ಬಿ ಖಾಲಿಯಾಗಿ ಮೇಜಿನ ತುಂಬ ಪೆನ್‌ಡ್ರೈವುಗಳು ಸಾಲಾಗಿದ್ದವು. ಅವರ ಹೆಂಡತಿಯೂ ಬಂದು ಕಿಟಕಿಯ ಬಳಿ ನಿಂತಿದ್ದರು.

“ಇವು ಯಾವುದರಲ್ಲೂ ಅಕ್ಕ ಇಲ್ಲ” ಎಂದರು ಉಳಿಸಪ್ಪ.

ನಕಲು ಮಾಡುವಾಗ ಹೇಗೆ ಮಾಡುತ್ತಿದ್ದಿರಿ ಎಂದು ಕೇಳಿದೆ. ಅವರು ತೋರಿಸಿದರು. ಫೋಲ್ಡರ್ ತೆರೆದು, ಒಳಗೆ ಕಣ್ಣಿಗೆ ಕಾಣುವ ಕಡತಗಳನ್ನು ಒಂದೊಂದಾಗಿ ಗುರುತು ಮಾಡಿ, ಎಣಿಸಿ, ಎತ್ತಿ ಹಾಕುತ್ತಿದ್ದರು. ಅಡಗಿಸಿದ ಫೋಲ್ಡರ್ ಅವರ ಕಣ್ಣಿಗೆ ಒಮ್ಮೆಯೂ ಬಿದ್ದಿರಲಿಲ್ಲ. ಗಿಟ್‌ನ ಚರಿತ್ರೆ, ಅಂದರೆ ಅಕ್ಕನ ಅಷ್ಟೂ ಮಾತು, ಇದ್ದದ್ದು ಆ ಒಂದರಲ್ಲಿ. ಎಷ್ಟು ವರ್ಷ, ಎಷ್ಟು ಶ್ರದ್ಧೆಯಿಂದ ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಉಳಿಸಿದ್ದರು.

“ಆ ಹುಡುಗಿ ಚರಿತ್ರೆ ಹೋಗುತ್ತೆ ಅಂತ ಹೇಳಿದ್ಲಲ್ಲ ಅಣ್ಣಾ” ಎಂದೆ. ಹೇಳಬಾರದಿತ್ತು, ನನ್ನ ನಾಲಿಗೆಯೇ ಹಾಗೆ.

“ಹೇಳಿದ್ಲು. ಅವಳ ತಪ್ಪಿಲ್ಲ. ಪ್ರೂಫಲ್ಲಿ ಪಕ್ಕದಲ್ಲಿ ಬರೆದದ್ದು ಅದೇ ಹಾಳೇಲಿ ಇರುತ್ತೆ ಅಲ್ವಾ? ಹಾಳೆ ಇದ್ರೆ ಅದೂ ಇರುತ್ತೆ. ಅಕ್ಕ ಸಾಲಿನ ಪಕ್ಕದಲ್ಲಿ ಬರೆದಿದ್ಲು. ಸಾಲು ಇದೆ ಅಂದ್ರೆ ಅವಳೂ ಇದ್ದಾಳೆ ಅಂದ್ಕೊಂಡೆ. ಚರಿತ್ರೆ ಅಂದ್ರೆ ಬೇರೇನೋ ಇರಬೇಕು ಅಂದ್ಕೊಂಡೆ.”

ತಪ್ಪು ಹುಡುಕುವುದರಲ್ಲೇ ಕೂದಲು ನರೆಸಿಕೊಂಡ ನನಗೂ ಈ ತಪ್ಪು ಹೊಳೆದಿರಲಿಲ್ಲ.

ಅವರ ಹೆಂಡತಿ ಯಂತ್ರವನ್ನು ಸೆರಗಿನಲ್ಲಿ ಒರೆಸಿ, “ಮೊದಲು ಏಳಿ, ಯಾರಿಗಾದ್ರೂ ತೋರಿಸೋಣ” ಎಂದರು. ಡಿಸ್ಕ್ ರಿಪೇರಿ ಮಾಡುವ ಅಂಗಡಿಗೆ ಮೂವರೂ ಹೊತ್ತುಕೊಂಡು ಹೋದೆವು. ಅಂಗಡಿಯವನು ಅದನ್ನು ಇಟ್ಟುಕೊಂಡು, ನಾಳೆ ಬನ್ನಿ ಎಂದ. ಮರುದಿನ ಹೋದಾಗ ನಮ್ಮ ಮುಖ ನೋಡದೆ ಮಾತಾಡಿದ. ಈ ಜಾತಿಯ ಡಿಸ್ಕು ಅಳಿಸಿದ ಜಾಗವನ್ನು ತಾನೇ ಒರೆಸಿ ಸ್ವಚ್ಛ ಮಾಡಿಕೊಳ್ಳುತ್ತದೆಯಂತೆ. “ಹಳೇ ಕಾಲದ ಡಿಸ್ಕ್ ಆಗಿದ್ರೆ ಏನಾದ್ರೂ ಚೂರುಪಾರು ಸಿಕ್ತಿತ್ತು” ಎಂದ. ಈ ಡಿಸ್ಕನ್ನು ಹಾಕಿಸಿದ್ದು ಅಕ್ಕನೇ, ಹಳೆಯದು ನಿಧಾನವೆಂದು.

ಆಮೇಲೆ ಅವರು ಕೆಲಸಕ್ಕೆ ಬರುತ್ತಿದ್ದರು, ಹೋಗುತ್ತಿದ್ದರು. ಸೇವ್ ಒತ್ತುವುದು ಕಡಿಮೆಯಾಯಿತು. ಒಂದು ಮಧ್ಯಾಹ್ನ ವಿದ್ಯುತ್ತು ಹೋಗಿ ಅರ್ಧ ದಿನದ ಕೆಲಸ ಮಾಯವಾದಾಗಲೂ, “ಹೋಯ್ತು” ಎಂದು ಕೈ ಒರೆಸಿಕೊಂಡು ಚಹಾಕ್ಕೆ ಎದ್ದರು. ನನಗೆ ಅದನ್ನು ನೋಡುವುದಕ್ಕಾಗಲಿಲ್ಲ. ಅವರ ಹತ್ತಿರ ಕುರ್ಚಿ ಎಳೆದುಕೊಂಡು ಕೂತು, ನನಗೆ ತೋಚಿದ್ದನ್ನು ಹೇಳಿದೆ. ಗಿಟ್‌ಗೆ ಯಾರ ಹೆಸರು ಕೊಟ್ಟರೂ ಒಪ್ಪುತ್ತದೆ, ಯಾವ ದಿನಾಂಕ ಕೊಟ್ಟರೂ ಒಪ್ಪುತ್ತದೆ. ಅಕ್ಕನ ಟಿಪ್ಪಣಿಗಳು ನಿಮಗೆ ಬಾಯಿಪಾಠ. ಅಕ್ಕನ ಹೆಸರು ಹಾಕಿ ಒಂದೊಂದೇ ಬರೆಯಿರಿ, ಸಾಲಿನ ತುದಿಯಲ್ಲಿ ಮತ್ತೆ ಬರುತ್ತವೆ.

ಅವರು ಹೆಸರಿನ ಜಾಗದಲ್ಲಿ ‘ಅಕ್ಕ’ ಎಂದು ಹಾಕಿ, ಊಟದ ಡಬ್ಬಿಯ ಟಿಪ್ಪಣಿಯನ್ನು ಟೈಪ್ ಮಾಡಿದರು. ಮಾಡಿ ಅದನ್ನೇ ನೋಡುತ್ತಾ ಕೂತರು.

“ಆರಿಹೋಗೋ ಮೊದಲು ಅಂದಿದ್ಲಾ, ತಣ್ಣಗಾಗೋ ಮೊದಲು ಅಂದಿದ್ಲಾ?” ಎಂದು ನನ್ನನ್ನು ಕೇಳಿದರು.

ನನಗೆ ‘ಆರಿಹೋಗೋ’ ಎಂದು ನೆನಪಿತ್ತು. ಆದರೆ ಆಣೆಯಿಟ್ಟು ಹೇಳುವಷ್ಟು ಧೈರ್ಯ ಇರಲಿಲ್ಲ.

“ಇವತ್ತು ಒಂದು ಪದ ನಾನು ಸೇರಿಸ್ತೀನಿ. ನಾಳೆ ಓದುವಾಗ ಅದೂ ಅವಳದ್ದೇ ಅನ್ಸುತ್ತೆ. ಕೊನೆಗೆ ಯಾವುದು ಅಕ್ಕ, ಯಾವುದು ನಾನು ಅಂತ ನನಗೇ ಗೊತ್ತಾಗಲ್ಲ. ಬೇಡಮ್ಮ” ಎಂದು ಅಳಿಸಿದರು. ಹೆಸರಿನ ಜಾಗವನ್ನೂ ಮೊದಲಿನಂತೆ ಮಾಡಿದರು.

ಹಳೇ ಯಂತ್ರವನ್ನು ಒಯ್ಯಲು ಕಂಪನಿಯವರು ಬಂದರು. ಹೊಸದು ಬಂತು, ಅದರ ಕೀಲಿಮಣೆಯಲ್ಲಿ ಎಲ್ಲ ಅಕ್ಷರಗಳೂ ಹೊಳೆಯುತ್ತಿದ್ದವು. ಅದಾಗಿ ಒಂದು ವಾರವೂ ಕಳೆದಿರಲಿಲ್ಲ, ಬೆಳಗ್ಗೆ ನನ್ನ ಪಟ್ಟಿ ತೆರೆದರೆ ಆ ಹಳೇ ದೂರಿನ ಮುಂದೆ ‘ತಿದ್ದಲಾಗಿದೆ, ಪರೀಕ್ಷಿಸಿ’ ಎಂದು ಬಂದಿತ್ತು. ನಾನು ತಲೆಯೆತ್ತಿ ಆಚೆ ಕೋಣೆಯ ಕಡೆ ನೋಡಿದೆ. ಅವರು ಬೆನ್ನು ಹಾಕಿ ಕೂತು ಇನ್ನೇನೋ ಬರೆಯುತ್ತಿದ್ದರು. ರೆಪೊದಲ್ಲಿ ಅವರ ಟಿಪ್ಪಣಿ ಓದಿದೆ.

“ಮುಂದಿನ ವಾರ ತಿದ್ತೀನಿ ಅಂತ ಅಕ್ಕ ಹೇಳಿದ್ದು. ತಿದ್ದಿದೆ. ಕೊಕ್ಕೆಮ್ಮನಿಗೆ ಹೇಳಿ.”

ಆ ಬದಲಾವಣೆಯ ಜೊತೆಗೆ ಇನ್ನೂ ಎಷ್ಟೋ ಇದ್ದವು. ಅಕ್ಕನ ಸಾಲುಗಳನ್ನು ಸುತ್ತಿಬಳಸಿ ಹೋಗುತ್ತಿದ್ದ ಜಾಗಗಳನ್ನೆಲ್ಲ ಅವರು ನೆಟ್ಟಗೆ ಮಾಡಿದ್ದರು. ನಾನು ವರ್ಷಗಟ್ಟಲೆ ಬೇಡಿದ್ದ ಹಾಗೆಯೇ, ಅಚ್ಚುಕಟ್ಟಾಗಿ. ಮುಟ್ಟಬಾರದ್ದು ಇನ್ನು ಏನೂ ಉಳಿದಿರಲಿಲ್ಲ. ‘ಬರ್ತೀನಿ’ ಎಂದು ಬರೆದ ದಿನ ತಮ್ಮದೇ ಸಾಲಿನ ಕೊನೆಗೆ ಹಾಕಿದ್ದ ಆ ಒಂದು ಖಾಲಿ ಜಾಗವನ್ನು ಮಾತ್ರ ಹಾಗೇ ಬಿಟ್ಟಿದ್ದರು.

ಪರೀಕ್ಷೆ ಮಾಡಲೇಬೇಕು, ಅದು ನನ್ನ ಕೆಲಸ. ಸುಳ್ಳು ಓದುಗನೊಬ್ಬನನ್ನು ಮಾಡಿ, ಒಂದು ಪುಸ್ತಕ ಕೊಟ್ಟು, ಅದನ್ನು ವಾಪಸು ತೆಗೆದುಕೊಂಡೆ. ಪರದೆಯ ಮೇಲೆ ‘ಮತ್ತೆ ಬನ್ನಿ’ ಎಂದು ದಪ್ಪ ಅಕ್ಷರದಲ್ಲಿ ಒಂದೇ ಸಲ ಬಂತು. ಅದರ ಕೆಳಗೆ ಇನ್ನೊಂದು ಬರುತ್ತದೆಯೇ ಎಂದು ಕಾದೆ. ಬರಲಿಲ್ಲ. ನನಗೆ ಅಳು ಬಂತು, ತಡೆದುಕೊಳ್ಳಲೂ ಇಲ್ಲ. ಎಲ್ಲಿಯಾದರೂ ಒಂದು ತಪ್ಪು ಸಿಗಲಿ, ಈ ದೂರನ್ನು ಅವರಿಗೆ ಹಿಂದಕ್ಕೆ ಕಳಿಸೋಣ ಎಂದು ಎರಡನೇ ಸಲ ಪರೀಕ್ಷಿಸಿದೆ, ಮೂರನೇ ಸಲವೂ ಪರೀಕ್ಷಿಸಿದೆ. ಕೆಲಸದಲ್ಲಿ ಒಂದು ಕೂದಲಿನಷ್ಟೂ ದೋಷವಿರಲಿಲ್ಲ. ದೂರಿನ ಮುಂದೆ ‘ಸರಿಯಾಗಿದೆ’ ಎಂದು ಒತ್ತಿ ಮುಚ್ಚಿದೆ.